ನಾನು ದನ ಹೊಡೆದುಕೊಂಡು ಬಂದದ್ದು

ಹೆಂಡತಿಯ ತವರಿಗೆ ಹೊರಟ ಗಂಡಸಿಗೆ ಎಲ್ಲಿಂದಲೋ ಒಂದು ಪೌರುಷ ಬಂದುಬಿಡುತ್ತದೆ. ಮನೆಯಲ್ಲಿ ಹಲ್ಲಿಗೆ ಹೆದರುವವನೂ ಅಂದು ಮೀಸೆ ತಿರುವುತ್ತಾನೆ. ನನಗೆ ಮೀಸೆ ಇರಲಿಲ್ಲವಾದ್ದರಿಂದ ಎತ್ತಿನ ಗಾಡಿ ಹೊಡೆಯಲು ಹೊರಟೆ. ಶಿಕಾರಿಪುರದಲ್ಲಿ ಮೇಷ್ಟ್ರಾಗಿದ್ದ ನಾನು ಅಲ್ಲಿಯವರೆಗೆ ಹೊಡೆದದ್ದು ಶಾಲೆಯ ಹುಡುಗರನ್ನು ಮಾತ್ರ. ಗಾಡಿ ಕೊಟ್ಟ ಪಕ್ಕದ ಮನೆಯ ಬಸಪ್ಪನವರು, “ನಮ್ಮ ಆಳನ್ನ ಕಳಿಸ್ತೀನಿ ತಗೊಳ್ರೀ ಮೇಷ್ಟ್ರೇ” ಎಂದರು. “ಬ್ಯಾಡ್ರೀ, ಎತ್ತಿಗೆ ಎಲ್ಲಾ ಗೊತ್ತಿರ್ತದೆ” ಎಂದೆ. ನನಗೇನೂ ಗೊತ್ತಿಲ್ಲ ಎಂಬುದನ್ನು ಹೇಳಲಿಲ್ಲ.

ಹೆಂಡತಿಯ ತವರು, ಅಂದರೆ ನನ್ನ ಭಾವಮೈದುನನ ಮನೆ ಮತ್ತು ದನದ ದೊಡ್ಡಿ, ಇದ್ದದ್ದು ಸೊರಬ ದಾಟಿ, ಚಂದ್ರಗುತ್ತಿ ಕಡೆಯ ಹುಲ್ಲುಗಾವಲಿನಲ್ಲಿ. ಆ ಮನೆಯವರದೊಂದು ಪದ್ಧತಿ: ನೆಂಟರು ಮನುಷ್ಯರಿಗೆ ಏನೂ ತರದಿದ್ದರೂ ದನಗಳಿಗೆ ಉಪ್ಪು ತರಬೇಕು. ಒಂದು ಚೀಲ ಕಲ್ಲುಪ್ಪನ್ನು ಗಾಡಿಯ ಹಿಂಬದಿಗೆ ಇಟ್ಟು, ಅದರ ಮೇಲೆ ಮೂರು ವರ್ಷದ ಚಿನ್ನಿಯನ್ನು ಕೂರಿಸಿದೆ. “ಮಗು ಹಿಂದೆ ಬೇಡ” ಎಂದಳು ಹೆಂಡತಿ ಗಿರಿಜಾ. “ಚೀಲ ಭಾರ ಇದೆ, ಅಲ್ಲಾಡಲ್ಲ” ಎಂದೆ. ಅವಳು ದೊಡ್ಡ ಮಗ ಶಂಕರನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುಮ್ಮನಾದಳು. ಅವಳು ಸುಮ್ಮನಾದರೆ ನಾನು ಗೆದ್ದೆನೆಂದು ಆಗ ತಿಳಿದುಕೊಳ್ಳುತ್ತಿದ್ದೆ.

ರಾತ್ರಿ ಸೊರಬದಲ್ಲಿ ತಂಗಿದ್ದು, ಮರುದಿನ ಹುಲ್ಲುಗಾವಲಿಗೆ ಇಳಿದೆವು. ದಾರಿ ಹಳ್ಳದ ಅಂಚಿಗೆ ಬಂದಾಗ ಎತ್ತುಗಳು ಕಿವಿ ನಿಮಿರಿಸಿದವು. ಹಿಂದೆ ಗೊರಸಿನ ಸದ್ದು.

“ರೀ, ದನ ಬರ್ತಿದಾವೆ.”

“ಎಷ್ಟು?”

“ಎಣಿಸೋ ಹಾಗಿಲ್ಲ. ಮುಂದೊಂದು ಗೂಳಿ ಇದೆ. ಅದರ ಮೂತಿ ಚಿನ್ನಿ ಮಡಿಲಲ್ಲಿದೆ.”

ಜೀವ ಬಾಯಿಗೆ ಬಂತು. ಮಗು ಬೆರಳಿನಿಂದ ಚೀಲಕ್ಕೆ ತೂತು ಮಾಡಿ, ಉಪ್ಪು ತೆಗೆದು ಗೂಳಿಗೆ ತಿನ್ನಿಸುತ್ತಿತ್ತಂತೆ. ತಿರುಗಿ ನೋಡಿದರೆ ಹಗ್ಗ ಸಡಿಲವಾಗುತ್ತದೆ. ಹಗ್ಗ ಸಡಿಲವಾದರೆ ಬೆದರಿದ ಎತ್ತುಗಳು ಹಳ್ಳಕ್ಕೆ. “ಎಳ್ಕೋ ಅವಳನ್ನ” ಎಂದೆ.

“ಎಳೆದ್ರೆ ಅಳ್ತಾಳೆ. ಅತ್ರೆ ಗೂಳಿ ಬೆದರ್ತದೆ. ಅವಳ ಲಂಗ ಹಿಡ್ಕೊಂಡಿದೀನಿ, ನೀವು ಸುಮ್ನೆ ಹೊಡೀರಿ” ಎಂದಳು.

ಆ ಹಳ್ಳದಂಚಿನಲ್ಲಿ ನಾನು ನೆನೆಯದ ದೇವರಿಲ್ಲ. ಮಗುವನ್ನು ಚೀಲದ ಮೇಲೆ ಕೂರಿಸಿದ ಕೈಯನ್ನು ಕಡಿದುಹಾಕಬೇಕೆನಿಸಿತು; ಆದರೆ ಹಗ್ಗವಿದ್ದದ್ದು ಅದೇ ಕೈಯಲ್ಲಿ. ಹಿಂದೆ ಚಿನ್ನಿ, ತನಗೆ ಅಮ್ಮ ದಿನವೂ ಉಣಿಸುವ ರೀತಿಯಲ್ಲೇ ಗೂಳಿಗೆ ಹೇಳುತ್ತಿದ್ದಳು: “ಇದು ಅಮ್ಮನ ತುತ್ತು. ಇದು ಅಪ್ಪನ ತುತ್ತು. ತಿನ್ನದಿದ್ರೆ ಗುಮ್ಮ ಬರ್ತಾನೆ.”

ದೊಡ್ಡಿಯ ಬಾಗಿಲು ಸೇರುವವರೆಗೂ ನನ್ನ ಕತ್ತು ಹೊರಳಲಿಲ್ಲ. ಭಾವಮೈದುನ ಓಡಿಬಂದು ಎತ್ತು ಹಿಡಿದ. ನಾನು ಹಿಂದಕ್ಕೆ ಓಡಿ ಚಿನ್ನಿಯ ಕೈ ನೋಡಿದೆ. ಎಲ್ಲ ಬೆರಳೂ ಇದ್ದವು, ಜೊಲ್ಲಿನಿಂದ ಅಂಟಂಟಾಗಿದ್ದವು. ಅಳು ಬಂತು, ತಪ್ಪನ್ನು ಬಿಸಿಲಿನ ಮೇಲೆ ಹಾಕಿ ಕಣ್ಣೊರೆಸಿಕೊಂಡೆ.

ಭಾವಮೈದುನ ಮಾತ್ರ ನನ್ನನ್ನೇ ನೋಡುತ್ತಿದ್ದ. “ಭಾವ, ಈ ಗೂಳಿ ದನಾನೆಲ್ಲ ಕರ್ಕೊಂಡು ಕಾಡು ಸೇರಿ ವಾರ ಆಗಿತ್ತು. ನಾವಷ್ಟು ಜನ ಹೋದ್ರೂ ಬರಲಿಲ್ಲ. ನೀವು ತಿರುಗಿ ಸಹ ನೋಡದೆ ಕರ್ಕೊಂಡು ಬಂದ್ರಲ್ಲ.”

“ದನಕ್ಕೆ ಮನುಷ್ಯರ ಗುಣ ತಿಳೀತದಪ್ಪ” ಎಂದೆ.

“ಹಾಗಾದ್ರೆ ನಾಳೆ ಮೇಯಿಸೋಕೆ ನೀವೇ ಹೊಡ್ಕೊಂಡು ಹೋಗಿ” ಎನ್ನುತ್ತಾ ಭಾವಮೈದುನ ಕೋಲನ್ನು ಆಗಲೇ ನನ್ನ ಕೈಗಿಟ್ಟ.

ಬಿಡಿಸುವಳೆಂದು ಗಿರಿಜಾಳ ಮುಖ ನೋಡಿದೆ. ಅವಳು ಮಗಳ ಕೈ ತೊಳೆಯುತ್ತಾ, “ಹೋಗ್ಬನ್ನಿ, ಅದಕ್ಕೇನಂತೆ” ಎಂದಳು. “ಚಿನ್ನಿನ ಮಾತ್ರ ಕಳ್ಸಲ್ಲ.”