ಸುಳಿ ನೋಡಿ ಕೊಂಡ ಪಾಲಿಶ್ ಮಿಷನ್ನು

ಕಾರಿನ ಹೊಳಪು ಸಾರ್ವಜನಿಕ ಹಿತಾಸಕ್ತಿಯ ವಿಷಯವೆಂದು ಕೊಳ್ಳೇಗಾಲದ ಕಾವೇರಿತೀರ ರೇಷ್ಮೆಗೂಡು ವರ್ತಕರ ಹಿತರಕ್ಷಣಾ ಸಂಘವು ಸಾವಿರದ ಒಂಬೈನೂರ ಅರವತ್ತೆಂಟನೆಯ ಇಸವಿಯಲ್ಲಿ ಸರ್ವಾನುಮತದಿಂದ ಠರಾವು ಮಾಡಿತು. ಸಂಘದಲ್ಲಿ ಕಾರಿದ್ದವರು ಅಧ್ಯಕ್ಷ ಸದಾಶಿವಪ್ಪನವರೊಬ್ಬರೇ ಆದ್ದರಿಂದ ಚರ್ಚೆ ಬೇಗ ಮುಗಿಯಿತು.

ಯಳಂದೂರಿನಲ್ಲಿ ಹೊಸ ಗೂಡಿನ ಷೆಡ್ಡು ಉದ್ಘಾಟಿಸಲು ಮಂತ್ರಿಗಳು ಬರುವವರಿದ್ದರು. ಸರ್ಕಾರದ ಜೀಪು ಎಂದಿನಂತೆ ಕೆಟ್ಟಿತ್ತು. ಕೊಳ್ಳೇಗಾಲದ ಪ್ರವಾಸಿ ಬಂಗಲೆಯಿಂದ ಯಳಂದೂರಿಗೆ ಮಂತ್ರಿಗಳನ್ನು ಊರ ಗಣ್ಯರೊಬ್ಬರ ಕಾರಿನಲ್ಲಿ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಆ ದಾರಿಯಲ್ಲಿ ಮಂತ್ರಿಗಳ ಪಕ್ಕ ಕೂತವನೇ ಗೂಡಿನ ಮಾರುಕಟ್ಟೆ ಸಮಿತಿಯ ಅಧ್ಯಕ್ಷ ಎಂಬುದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಹಾಗಾಗಿ ಅದನ್ನು ಯಾರೂ ಮೀರುತ್ತಿರಲಿಲ್ಲ. ಸದಾಶಿವಪ್ಪನವರು ಆ ಕುರ್ಚಿಗೆ ಹೊಂದುವ ಬಣ್ಣದ ಕೋಟನ್ನು ಆಗಲೇ ಹೊಲಿಸಿಟ್ಟಿದ್ದರು.

ತೊಂದರೆಯೆಂದರೆ ಸಂಘಕ್ಕೆ ಸೇರದ ಗೂಡಿನ ವರ್ತಕ, ಮಾಂಬಳ್ಳಿಯ ಪುಟ್ಟಮಲ್ಲಪ್ಪನಿಗೂ ಒಂದು ಕಾರಿತ್ತು. ಹಸಿರು ಬಣ್ಣದ್ದು, ಕನ್ನಡಿಯ ಹಾಗೆ ಮಿಂಚುತ್ತಿತ್ತು. ಸದಾಶಿವಪ್ಪನವರ ಕರೀ ಕಾರು ಬಿಸಿಲಿಗೆ ಬೆಳ್ಳಗೆ ಬೂದಿ ಬಡಿದಿತ್ತು. "ಯಾವ್ದು ಚೆನ್ನಾಗಿ ಹೊಳೀತದೋ ಅದನ್ನ ಕಳ್ಸಿ" ಎಂದು ತಹಸೀಲ್ದಾರರು ನಿಷ್ಪಕ್ಷಪಾತವಾಗಿ ಹೇಳಿಬಿಟ್ಟಿದ್ದರು.

ಗ್ಯಾರೇಜಿಗೆ ಬಿಡಬಹುದಿತ್ತು. ಆದರೆ ಪುಟ್ಟಮಲ್ಲಪ್ಪನ ಕಾರೂ ಅದೇ ಗ್ಯಾರೇಜಿಗೆ ಬರುತ್ತಿತ್ತು. ಒಂದೇ ಕೈ ಎರಡು ಕಾರನ್ನೂ ಉಜ್ಜಿದರೆ ಇಬ್ಬರ ಹೊಳಪೂ ಸಮವಾಗಿಬಿಡುತ್ತದೆ, ಸಮಾನತೆ ಸಂಘದ ಧ್ಯೇಯಗಳಲ್ಲಿಲ್ಲ ಎಂದು ಕಾರ್ಯದರ್ಶಿ ಜಡೇಸ್ವಾಮಿ ನೆನಪಿಸಿದರು. ಆದ್ದರಿಂದ ಅಧ್ಯಕ್ಷರ ಮನೆಯ ಅಂಗಳದಲ್ಲೇ ಉಜ್ಜಲು ಕರೆಂಟಿನ ಪಾಲಿಶ್ ಮಿಷನ್ನೊಂದನ್ನು ಸಂಘದ ಖರ್ಚಿನಲ್ಲಿ ಆರಿಸತಕ್ಕದ್ದು ಎಂದಾಯಿತು. ಆರಿಸಿದ ಮೇಲೆ ಮಿಷನ್ನು ಅಧ್ಯಕ್ಷರ ಮನೆಯಲ್ಲೇ ಉಳಿಯತಕ್ಕದ್ದು. ಸಾಗಾಟದ ಖರ್ಚು ಉಳಿಸುವ ದೃಷ್ಟಿಯಿಂದ.

ಬೆಂಗಳೂರಿನಿಂದ ಏಜೆಂಟನೊಬ್ಬ ಎರಡು ಮಿಷನ್ನು ಹೊತ್ತು ತಂದ. ಒಂದು ನಿಂತಲ್ಲೇ ಗಿರ್ರನೆ ತಿರುಗುವುದು. ಇನ್ನೊಂದು ತಿರುಗುತ್ತಲೇ ಅತ್ತಿತ್ತ ಅಲುಗಾಡುವುದು.

"ಮೊದಲ್ನೇದು ಬಲೇ ಜೋರು ಸಾರ್. ಕೈ ಪಳಗಿರ್ಬೇಕು, ಒಂದೇ ಕಡೆ ಹಿಡಿದ್ರೆ ಪೇಂಟು ಸುಟ್ಟೋಗುತ್ತೆ. ಎರಡ್ನೇದು ನಿಧಾನ, ಆದ್ರೆ ಅಪಾಯ ಇಲ್ಲ. ಮನೇಲಿ ಉಜ್ಕೊಳ್ಳೋರು ಇದನ್ನೇ ತಗೊಂಡ್ರೆ ಒಳ್ಳೇದು" ಎಂದ.

ಮಿಷನ್ನು ಆರಿಸಲು ಕೂತಿದ್ದ ಸಂಘದ ಸಮಿತಿಗೆ ಇದರಿಂದ ಅನುಮಾನ ಬಂತು. ಗೂಡು ಮಾರುವವನು ತನ್ನ ಗೂಡಿನ ದೋಷವನ್ನು ತಾನೇ ಹೇಳಿದ್ದು ಅವರ ಅನುಭವದಲ್ಲೇ ಇರಲಿಲ್ಲ. ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಎಲ್ಲರೂ ತಲೆಯಾಡಿಸಿದರು.

ಮುಚ್ಚಿಟ್ಟದ್ದನ್ನು ಜಡೇಸ್ವಾಮಿಯೇ ಪತ್ತೆಮಾಡಿದರು. ಮಿಷನ್ನಿನ ಮುಖಕ್ಕೆ ಕಟ್ಟಿದ್ದ ಮೆತ್ತನೆಯ ಬಿಲ್ಲೆಯನ್ನು ಮುಟ್ಟಿ ನೋಡಿ, "ಇದೇನ್ರೀ ಇದು?" ಎಂದರು.

"ಕುರಿ ತುಪ್ಪಟ ಸಾರ್. ಚರ್ಮದ ಸಮೇತ."

"ಕುರಿ ಚರ್ಮ. ಲಿಂಗಪೂಜೆ ಆಗೋ ಮನೆ ಕಣ್ರಿ ಇದು."

ಕೂಡಲೇ ಉಪಠರಾವಾಯಿತು: ಸಂಘದ ವತಿಯಿಂದ ಬಳಸುವ ಯಾವುದೇ ಬಿಲ್ಲೆಯು ಸಸ್ಯಾಹಾರಿಯಾಗಿರತಕ್ಕದ್ದು. ಸಸ್ಯಾಹಾರಿ ಬಿಲ್ಲೆಗೆ ತೆಂಗಿನ ನಾರೇ ಯೋಗ್ಯವೆಂದು ಗೊತ್ತಾಯಿತು. ಸದಾಶಿವಪ್ಪನವರ ಭಾವಮೈದನ ನಾರಿನ ಅಂಗಡಿ ಎದುರಿಗೇ ಇದ್ದದ್ದು ಕೇವಲ ಅನುಕೂಲ.

ಏಜೆಂಟ ಕೈ ಮುಗಿದ. "ಸಾರ್, ನಾರಲ್ಲಿ ಪಾತ್ರೆ ತಿಕ್ತಾರೆ."

"ಕಾರೂ ಪಾತ್ರೇನೇ ಕಣಪ್ಪ" ಎಂದರು ಸದಾಶಿವಪ್ಪ ಸಮಾಧಾನದಿಂದ. "ಒಳ್ಗೆ ನಾವ್ ಕೂತ್ಕತೀವಿ ಅಷ್ಟೆ."

ಬಾನೆಟ್ಟಿನ ಎಡಕ್ಕೆ ಮೊದಲ ಮಿಷನ್ನು, ಬಲಕ್ಕೆ ಎರಡನೆಯದು ಓಡಿತು. ನಿಲ್ಲಿಸಿ ನೋಡಿದರೆ ಎರಡೂ ಕಡೆ ನಾರು ಗೀಚಿದ ಉಂಗುರ ಉಂಗುರದ ಗುರುತು. ಯಾವುದು ವಾಸಿ? ಸಮಿತಿಯವರು ಬಾನೆಟ್ಟಿನ ಮೇಲೆ ಬಗ್ಗಿ ನೋಡಿದರು. ಹೊಳಪಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಆದರೆ ಮೈಮೇಲಿನ ಉಂಗುರಗಳ ಬಗ್ಗೆ ತಲೆತಲಾಂತರದಿಂದ ಗೊತ್ತಿತ್ತು. ಎತ್ತು ಕೊಳ್ಳುವಾಗ ಅದರ ಮೈಯ ಕೂದಲಿನ ಸುಳಿ ನೋಡದೆ ಹಗ್ಗ ಹಿಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಬಂಡಳ್ಳಿಯ ಎತ್ತಿನ ದಲ್ಲಾಳಿ ಪುಟ್ಟಸಿದ್ದಯ್ಯನಿಗೆ ಹೇಳಿ ಕಳುಹಿಸಿದರು.

ಪುಟ್ಟಸಿದ್ದಯ್ಯ ಬಂದು ಕಾರಿನ ಸುತ್ತ ನಡೆದ. ಹಿಂಭಾಗವನ್ನು ತಟ್ಟಿದ. ವಯಸ್ಸು ಕೇಳಿದ. ಕೊನೆಗೆ ಬಾನೆಟ್ಟಿನ ಮೇಲೆ ಬಗ್ಗಿದ.

"ಬಲಗಡೇದು ಚಟ್ಟದ ಸುಳಿ ಬುದ್ಧಿ. ಮನೇಲಿ ಮಡಿಕಬಾರ್ದು. ಎಡಗಡೇದು ರಾಜಸುಳಿ."

"ಹಂಗಾದ್ರೆ ಎಡಗಡೆ ಮಿಷನ್ನೇ ಸೈ" ಎಂದರು ಸದಾಶಿವಪ್ಪ.

"ಪೂರ್ತಿ ಕೇಳಿ ಬುದ್ಧಿ. ರಾಜಸುಳಿ ಬಲಕ್ಕಿದ್ರೆ ಒಡೆಯನ್ಗೆ ಪಟ್ಟ. ಎಡಕ್ಕಿದ್ರೆ ಪಕ್ಕದೂರ್ನೋನ್ಗೆ ಪಟ್ಟ."

ಪಕ್ಕದೂರು ಯಾವುದೆಂದು ಯಾರೂ ಕೇಳಲಿಲ್ಲ. ಸದಾಶಿವಪ್ಪನವರ ಕಣ್ಣಿಗೆ ಮಾಂಬಳ್ಳಿಯ ಹಸಿರು ಕಾರು, ಅದರೊಳಗೆ ಮಂತ್ರಿ, ಮಂತ್ರಿಯ ಪಕ್ಕ ಪುಟ್ಟಮಲ್ಲಪ್ಪನ ಮೀಸೆ, ಎಲ್ಲ ಒಟ್ಟಿಗೆ ಕಂಡವು. "ಅಳ್ಸಿ" ಎಂದರು.

ಅಳಿಸಲು ಮತ್ತೆ ಉಜ್ಜಿದರು. ಉಜ್ಜಿದ ಕಡೆ ಹೊಸ ಸುಳಿ ಬಂತು. ಬಾನೆಟ್ಟಿನ ಸುಳಿ ಸರಿಯಾಗುವಷ್ಟರಲ್ಲಿ ಬಾಗಿಲ ಮೇಲೆ ಕಣ್ಣೀರ ಸುಳಿ ಮೂಡಿತು. ಅದನ್ನು ತೆಗೆದರೆ ಡಿಕ್ಕಿಯ ಮೇಲೆ ಕಳ್ಳನ ಸುಳಿ. ಒಂದು ಮಿಷನ್ನು ಬಿಸಿಯಾದರೆ ಇನ್ನೊಂದನ್ನು ಹಚ್ಚಿದರು. ಏಜೆಂಟ ಜಗಲಿಯ ಮೂಲೆಯಲ್ಲಿ ಕೂತು, ತನಗೆ ಬೇರೆ ಉದ್ಯೋಗ ಸಿಗಬಹುದೇ ಎಂದು ಯೋಚಿಸುತ್ತಿದ್ದ.

ಕಾಫಿ ತಂದ ಗುರುಬಸಮ್ಮನವರು, ಅಂದರೆ ಅಧ್ಯಕ್ಷರ ಪತ್ನಿ, ಸ್ವಲ್ಪ ಹೊತ್ತು ನಿಂತು ನೋಡಿದರು. "ಸುಳಿ ಆಯ್ತು. ಹಲ್ಲೂ ಎಣಿಸ್ಬುಡಿ" ಎಂದರು.

"ನೀನು ಒಳಕ್ಕೋಗೇ. ಸಂಘದ ವಿಚಾರ ಇದು."

"ನನ್ ತವರ್ಮನೆ ಕಾಸಲ್ಲಿ ಬಂದ ಕಾರು. ಯಾವಾಗ ಸಂಘದ್ದಾಯ್ತು?"

ಈ ಪ್ರಶ್ನೆಯನ್ನು ನಡವಳಿಯಲ್ಲಿ ದಾಖಲಿಸಲಿಲ್ಲ.

ಮಂತ್ರಿಗಳು ಬರುವ ಹಿಂದಿನ ದಿನ ಸಂಜೆಗೆ ಕಾರಿನ ಮೇಲೆ ಒಂದು ಸುಳಿಯೂ ಇರಲಿಲ್ಲ. ಬಣ್ಣವೂ ಇರಲಿಲ್ಲ. ಅಂಗಳದಲ್ಲಿ ಬರೀ ತಗಡು ನಿಂತಿತ್ತು. ಸದಾಶಿವಪ್ಪನವರು ಜಗಲಿಯ ಮೇಲೆ ಕುಸಿದು ಕೂತರು. ಕೋಟು ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ನೋಡಲೂ ಅವರಿಗೆ ಮನಸ್ಸಾಗಲಿಲ್ಲ.

"ಓಯ್ತು ಜಡೇಸ್ವಾಮಿ. ಪಟ್ಟ ಮಾಂಬಳ್ಳಿಗೇ ಓಯ್ತು."

ಪುಟ್ಟಸಿದ್ದಯ್ಯ ಗಂಟಲು ಸರಿಮಾಡಿಕೊಂಡ. ಅವನ ದಲ್ಲಾಳಿ ಕಾಸು ಇನ್ನೂ ಕೈಗೆ ಬಂದಿರಲಿಲ್ಲ. "ಸುಳಿಯೇ ಇಲ್ದ ಎತ್ತು ಹುಟ್ಟೋದೇ ಇಲ್ಲ ಬುದ್ಧಿ. ಹುಟ್ಟುದ್ರೆ ಅದುಕ್ಕೆ ದೋಸ ಹೇಳಕ್ಕೆ ಜಾಗ ಎಲ್ಲದೆ?"

ಜಡೇಸ್ವಾಮಿ ಆ ಮಾತನ್ನು ಅಲ್ಲೇ ಆಡಳಿತದ ಕನ್ನಡಕ್ಕೆ ತಂದರು: ಬಣ್ಣವೆಂಬುದು ಹೊಳಪಿಗೆ ಇದುವರೆಗೆ ಅಡ್ಡಿಯಾಗಿದ್ದ ಪದಾರ್ಥವೆಂದೂ, ಸದರಿ ಅಡ್ಡಿಯನ್ನು ನಿವಾರಿಸುವಲ್ಲಿ ಎರಡೂ ಮಿಷನ್ನುಗಳು ಸಮಾನ ಶ್ರಮ ವಹಿಸಿದ್ದರಿಂದ ಎರಡನ್ನೂ ಕೊಳ್ಳತಕ್ಕದ್ದೆಂದೂ. ಬಳಿಕ ಹುಣಸೆಹಣ್ಣು, ಬೂದಿ ಹಾಕಿ ಇಡೀ ಕಾರನ್ನು ಹಿತ್ತಾಳೆ ಹಂಡೆಯಂತೆ ಬೆಳಗಿದರು.

ಮರುದಿನ ಬಂಗಲೆಯ ಮುಂದೆ ಎರಡು ಕಾರು ನಿಂತವು. ಪುಟ್ಟಮಲ್ಲಪ್ಪ ತಗಡಿನ ಕಡೆ ನೋಡಿ, "ಏನ್ ಸದಾಶಿವಪ್ಪ, ಬಿಸ್ಕತ್ ಡಬ್ಬದಲ್ಲಿ ಬಂದಿದ್ದೀರಿ" ಎಂದ. ಸದಾಶಿವಪ್ಪನವರು ಕೋಟಿನ ಗುಂಡಿ ಹಾಕಿಕೊಂಡರು.

ಮಂತ್ರಿಗಳು ಹೊರಗೆ ಬಂದರು. ಹಸಿರು ಕಾರಿನತ್ತ ಎರಡು ಹೆಜ್ಜೆ ಇಟ್ಟವರು ತಗಡಿನ ಬಾಗಿಲಿನ ಮುಂದೆ ನಿಂತುಬಿಟ್ಟರು. ಆ ಬಾಗಿಲು ಉಜ್ಜಿ ಉಜ್ಜಿ ಸ್ವಲ್ಪ ಒಳಕ್ಕೆ ಬಾಗಿತ್ತು. ಅದರಲ್ಲಿ ಮಂತ್ರಿಗಳ ಹೊಟ್ಟೆ ಮಾಯವಾಗಿ, ಎತ್ತರ ಒಂದೂವರೆ ಪಟ್ಟಾಗಿತ್ತು. ಟೋಪಿ ಸರಿಮಾಡಿಕೊಂಡರು. ಪಕ್ಕಕ್ಕೆ ತಿರುಗಿ ಇನ್ನೊಂದು ಸಲ ನೋಡಿಕೊಂಡರು.

"ಈ ತಾಲ್ಲೂಕಿನಲ್ಲಿ ಮಾತ್ರ ನಾನು ಇದ್ದ ಹಾಗೆ ಕಾಣ್ತೀನಿ" ಎಂದು ಅದೇ ಕಾರು ಹತ್ತಿದರು.

ಮಾಂಬಳ್ಳಿಯಲ್ಲಿ ರಸ್ತೆಯ ಎರಡೂ ಕಡೆ ನಿಂತಿದ್ದ ಜನರ ಕಣ್ಣಿಗೆ ತಗಡಿನ ಬಿಸಿಲು ಹೊಡೆದು ನೀರು ಸುರಿಯಿತು. ಜನತೆ ಆನಂದಬಾಷ್ಪ ಸುರಿಸಿತೆಂದು ವರದಿಯಾಯಿತು. ಸದಾಶಿವಪ್ಪನವರು ಕುರ್ಚಿಯೇರಿದರು. ಅಂಥದೊಂದು ಕಾರಿನೊಳಗೆ ಬಿಸಿಲಲ್ಲಿ ಕೂತರೆ ಮೈ ಬೇಯುತ್ತದೆಂಬುದನ್ನು ಅವರೂ ಹೇಳಲಿಲ್ಲ, ಮಂತ್ರಿಗಳೂ ಹೇಳಲಿಲ್ಲ.

ಅದೇ ವಾರ ಪುಟ್ಟಮಲ್ಲಪ್ಪ ತಲೆಗೆ ಟವೆಲು ಹೊದ್ದು, ಸದಾಶಿವಪ್ಪನವರ ಭಾವಮೈದನ ಅಂಗಡಿಯಲ್ಲಿ ನಾರು ಕೊಂಡ. ಮಳೆಗಾಲದ ಹೊತ್ತಿಗೆ ಹನೂರಿನ ಕಡೆಯ ಜೀಪುಗಳೂ ಬೆತ್ತಲಾದವು. ತುಕ್ಕು ಹಿಡಿದಾಗ ಅದನ್ನು ಕಾರಿಗೆ ಮತ್ತೆ ಬಣ್ಣ ಬರುತ್ತಿರುವ ಲಕ್ಷಣವೆಂದು ತಿಳಿದು, ಸಂಘದ ಮಿಷನ್ನನ್ನು ಬಾಡಿಗೆಗೆ ತಂದು ಉಜ್ಜಿದರು. ಬಾಡಿಗೆ ಅಧ್ಯಕ್ಷರ ಮನೆಗೇ ಸೇರುತ್ತಿತ್ತು, ಸಾಗಾಟದ ಖರ್ಚು ಉಳಿಸುವ ದೃಷ್ಟಿಯಿಂದ.

ಒಮ್ಮೆ ಮೈಸೂರಿನ ವಕೀಲರೊಬ್ಬರು ಹೊಚ್ಚಹೊಸ ನೀಲಿ ಕಾರಿನಲ್ಲಿ ಯಳಂದೂರಿಗೆ ಬಂದರು. ಪೇಟೆ ಬೀದಿಯಲ್ಲಿ ಪೇದೆ ಕೈ ಅಡ್ಡ ಹಿಡಿದ. ಸುತ್ತ ನಾಲ್ಕು ಜನ ಸೇರಿ ಮೂಗು ಮುರಿಯುತ್ತ ನೋಡಿದರು.

"ಏನ್ ಸಾ, ಮೈಸೂರಿಂದ ಹಿಂಗೇ ಬಂದ್ಬುಟ್ರಾ? ತಿಕ್ಸೇ ಇಲ್ವಾ?"

ವಕೀಲರು ಕಾರಿನ ಸುತ್ತ ಒಮ್ಮೆ ನೋಡಿದರು. ಬೀದಿಯಲ್ಲಿ ನಿಂತ ತಗಡಿನ ಸಾಲನ್ನೂ ನೋಡಿದರು.

"ಹೊರಡೋ ಗಡಿಬಿಡೀಲಿ ಆಗ್ಲಿಲ್ಲಪ್ಪ" ಎಂದು ತಲೆ ತಗ್ಗಿಸಿದರು. "ಇಲ್ಲಿ ನಾರು ಎಲ್ಲಿ ಸಿಗುತ್ತೆ?"