ಕಂಡಕ್ಟರನಿಗೆ ಮೂತ್ರ ಕಟ್ಟಿತು

ಶಿಸ್ತು ಅನ್ನುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ನಮ್ಮ ಡ್ರೈವರ್ ಸಾಹೇಬರಿಗೆ ಮಾತ್ರ ಅದು ಹುಟ್ಟುತ್ತಲೇ ಒಲಿದಿತ್ತು, ಅದರಲ್ಲೂ ಮೂತ್ರಕೋಶದ ವಿಭಾಗದಲ್ಲಿ ಅವರು ಸಾಕ್ಷಾತ್ ಚಕ್ರವರ್ತಿಗಳು. ಊರಿಂದೂರಿಗೆ ಬಸ್ಸು ಓಡಿಸುವ ಕೆಲಸ. ಸ್ಟಿಯರಿಂಗ್ ಹಿಡಿದು ಕೂತರೆಂದರೆ ಮುಂದಿನ ನಿಲ್ದಾಣದವರೆಗೆ ಜಪ್ಪಯ್ಯ ಅಂದರೂ ಏಳುವವರಲ್ಲ. ಹಿಂದಿನ ಸೀಟಿನಿಂದ ಯಾರಾದರೂ ಕಿರುಬೆರಳು ತೋರಿಸಿ ಗೋಗರೆದರೆ, "ಬಸ್ಸು ಅಂದ್ರೆ ನಿಮ್ಮನೆ ಬಚ್ಚಲಾ? ಕಟ್ಕೊಂಡು ಕೂತ್ಕೊಳ್ರಿ! ಗಂಡಸು ಅಂದ್ಮೇಲೆ ಕಟ್ಕೊಳ್ಳೋಕೆ ಬರ್ಬೇಕು" ಎಂದು ಉಪದೇಶ ಕರುಣಿಸುವರು. (ಹಾಗೆ ಗೋಗರೆದವರಲ್ಲಿ ಹೆಚ್ಚಿನವರು ಹೆಂಗಸರು ಎಂಬ ಸಣ್ಣ ವಿಷಯ ಅವರ ಗಮನಕ್ಕೆ ಬಂದಿರಲಿಲ್ಲ.)

ಇತ್ತೀಚೆಗೆ ಮಾತ್ರ ಅವರಿಗೆ ಟೈರುಗಳ ಮೇಲೆ ವಿಪರೀತ ಕಾಳಜಿ ಹುಟ್ಟಿತ್ತು. ದಾರಿ ನಡುವೆ ಮರವೋ ಪೊದೆಯೋ ಕಂಡ ಕಡೆ ಬಸ್ಸು ನಿಲ್ಲಿಸಿ, "ಟೈರ್ ನೋಡಿ ಬರ್ತೀನಿ" ಎಂದು ಇಳಿದು ಹಿಂದಕ್ಕೆ ಹೋಗುವರು. ಬಹಳ ಹೊತ್ತು ನೋಡುವರು. ಬಂದು ಕೂತು, ಗೇರು ಹಾಕಿ, ಏನೋ ನೆನಪಾದವರಂತೆ ಮತ್ತೆ ಇಳಿಯುವರು. ಇಷ್ಟು ಜವಾಬ್ದಾರಿಯ ಡ್ರೈವರ್ ಸಿಗಲು ಪುಣ್ಯ ಮಾಡಿರಬೇಕು ಎಂದು ಪ್ರಯಾಣಿಕರು ತಮ್ಮ ತಮ್ಮಲ್ಲೇ ಕೊಂಡಾಡುತ್ತಿದ್ದರು.

ಮನೆಯಲ್ಲಿ ಅವರು, ಹೊಲಿಗೆ ಕೆಲಸ ಮಾಡುವ ಹೆಂಡತಿ, ಜೊತೆಗೆ ಒಂದು ಮುದಿ ನಾಯಿ. ಯಾರೇ ಬಂದರೂ ಬಾಗಿಲಲ್ಲೇ ತಡೆದು, ಮೂಸಿ, ಸಮಾಧಾನವಾದರೆ ಮಾತ್ರ ಒಳಗೆ ಬಿಡುತ್ತಿದ್ದುದರಿಂದ ಅವನಿಗೆ ಕಂಡಕ್ಟರ್ ಎಂದು ಹೆಸರು. ಗಂಡ ಹೆಂಡತಿ ಮಾತು ಬಿಟ್ಟ ದಿನಗಳಲ್ಲಿ (ಅಂಥ ದಿನಗಳಿಗೆ ಬರವಿರಲಿಲ್ಲ) ಸಂಸಾರ ನಡೆಯುತ್ತಿದ್ದುದು ಅವನ ಮೂಲಕವೇ. "ಕಂಡಕ್ಟರ್, ಊಟ ಆರ್ತಾ ಇದೆ ಅಂತ ಹೇಳು." "ಕಂಡಕ್ಟರ್, ಉಪ್ಪು ಜಾಸ್ತಿ ಆಗಿದೆ ಅಂತ ಹೇಳು." ಅವನು ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುವನು. ರಾಜಿ ಆಗಿಬಿಡುತ್ತಿತ್ತು.

ಅಂಥ ಕಂಡಕ್ಟರ್ ಈಚೆಗೆ ಮನೆ ತುಂಬ ತೊಟ್ಟಿಕ್ಕತೊಡಗಿದ. ಸೋಫಾದ ಕಾಲಿಗಿಷ್ಟು, ಕಪಾಟಿನ ಬುಡಕ್ಕಿಷ್ಟು, ಕಡೆಗೆ ಗಿರಾಕಿಯೊಬ್ಬಳು ಹೊಲಿಯಲು ಕೊಟ್ಟಿದ್ದ ಕಿಟಕಿ ಪರದೆಯ ಮೇಲೂ ಇಷ್ಟು.

"ರೀ, ಇವನನ್ನ ಡಾಕ್ಟರಿಗೆ ತೋರಿಸೋಣ. ವಯಸ್ಸಾಯ್ತು ಪಾಪ, ಒಳಗೆ ಏನೋ ಆಗಿದೆ."

"ಏನೂ ಆಗಿಲ್ಲ. ಶಿಸ್ತು ಕೆಟ್ಟಿದೆ. ನೀನು ಮುದ್ದು ಮಾಡಿ ಮಾಡಿ ತಲೆ ಮೇಲೆ ಕೂರಿಸ್ಕೊಂಡಿದ್ದೀಯ."

"ತಲೆ ಮೇಲೆ ಕೂರಿಸ್ಕೊಂಡಿದ್ರೆ ನೆಲ ಯಾಕ್ರೀ ಒದ್ದೆ ಆಗೋದು?"

ಇಂಥ ಕುಹಕಗಳಿಗೆಲ್ಲ ಬಗ್ಗುವ ಆಸಾಮಿಯೇ? ಸಾಹೇಬರು ಮನೆಯಲ್ಲಿ ಹೊಸ ಆಡಳಿತ ಜಾರಿಗೆ ತಂದರು. ಬೆಳಗ್ಗೆ ಒಂದು ಟ್ರಿಪ್ಪು, ಸಂಜೆ ಒಂದು ಟ್ರಿಪ್ಪು, ನಡುವೆ ಎಲ್ಲೂ ನಿಲುಗಡೆ ಇಲ್ಲ. ನೀರಿನ ಬಟ್ಟಲು ಕಪಾಟಿನ ಮೇಲೇರಿತು. (ಅವರು ಡ್ಯೂಟಿಗೆ ಹೋದೊಡನೆ ಕೆಳಗಿಳಿಯುತ್ತಿತ್ತು. ಬಟ್ಟಲಿಗೆ ಕಾಲಿಲ್ಲದಿದ್ದರೇನು, ಹೆಂಡತಿಗೆ ಕೈಯಿದೆಯಲ್ಲ!) ಕಂಡಕ್ಟರ್ ಬಾಗಿಲ ಬಳಿ ನಿಂತು ಕುಂಯ್‌ಗುಟ್ಟಿದರೆ, "ಟೈಮ್ ಆಗಿಲ್ಲ, ಹೋಗಿ ಮಲ್ಕೋ" ಎಂಬ ಉತ್ತರ ಸಿಗುತ್ತಿತ್ತು.

ವಾರದ ರಜೆಯ ದಿನ ಎದ್ದು ನೋಡುತ್ತಾರೆ, ಮನೆಯ ನೆಲವೆಲ್ಲ ಒಣಗಿ ಖಟಖಟ ಅನ್ನುತ್ತಿದೆ! ಸಾಹೇಬರು ಬರಿಗಾಲಲ್ಲಿ ಮೂಲೆ ಮೂಲೆ ತಿರುಗಿ ಪರೀಕ್ಷಿಸಿದರು. ಒಂದು ಹನಿ ಇಲ್ಲ. ಎದೆ ಉಬ್ಬಿ ಬನಿಯನ್ ಬಿಗಿಯಾಯಿತು. ಬೇಲಿಯ ಆಚೆ ಕಾರು ಒರೆಸುತ್ತಿದ್ದ ಪಕ್ಕದ ಮನೆಯ ಕ್ಯಾಷಿಯರನ್ನು ಕರೆದು, "ನೋಡಿ ಸ್ವಾಮಿ, ಮುದಿ ನಾಯಿಗೆ ಹೊಸ ವಿದ್ಯೆ ಬರಲ್ಲ ಅಂತಾರೆ ಜನ. ಕಲಿಸೋ ಗುರು ಸರಿಯಾಗಿರಬೇಕು ಅಷ್ಟೇ" ಎಂದು ಪ್ರವಚನ ಕೊಟ್ಟರು.

ಮಧ್ಯಾಹ್ನ ಹೆಂಡತಿ ಮಷಿನ್ ನಿಲ್ಲಿಸಿ ಎದ್ದು ಬಂದಳು.

"ರೀ, ನೆಲ ಒಣಗಿದೆ, ಸರಿ. ಆದ್ರೆ ಹೊರಗೂ ಇವನು ಹೊಯ್ದಿಲ್ಲ."

"ಬೆಳಗ್ಗೆ ಕಂಬದ ಹತ್ರ ಕಾಲೆತ್ತಿ ನಿಂತಿದ್ನಲ್ಲ?"

"ನಿಂತಿದ್ದ. ನಿಂತೇ ಇದ್ದ. ಒಂದು ತೊಟ್ಟು ಬೀಳಲಿಲ್ಲ. ನಿನ್ನೆ ಸಂಜೆನೂ ಅಷ್ಟೇ."

"ಏನೋ ಯೋಚನೆ ಮಾಡ್ತಿದ್ದ ಅಂತ ಕಾಣುತ್ತೆ."

"ಕಂಬದ ಹತ್ರ ಕಾಲೆತ್ಕೊಂಡು ಏನ್ರೀ ಯೋಚನೆ ಮಾಡ್ತಾನೆ, ಪಿಂಚಣಿ ಯಾವಾಗ ಬರುತ್ತೆ ಅಂತಾನಾ? ಬಂದು ಹೊಟ್ಟೆ ಮುಟ್ಟಿ ನೋಡಿ!"

ಸಾಹೇಬರು ಮುಟ್ಟಿದರು. ಹೊಟ್ಟೆ ಗಾಳಿ ತುಂಬಿದ ಚೆಂಡಿನಂತೆ ಗಟ್ಟಿಯಾಗಿತ್ತು. ಕಂಡಕ್ಟರ್ ನರಳಿದ, ಆದರೆ ಕಚ್ಚಲಿಲ್ಲ, ಗುರ್ ಅನ್ನಲಿಲ್ಲ. ಮುಟ್ಟಿದ ಕೈಯನ್ನೇ ಒಮ್ಮೆ ನೆಕ್ಕಿ, ತಟ್ಟೆಯ ಕಡೆ ಮುಖವನ್ನೂ ಹಾಕದೆ ಅಡ್ಡಾದ. ಸಾಹೇಬರು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅಯ್ಯೋ ದೇವರೇ, ನಾನೇ ಕೈಯಾರೆ ಇವನನ್ನು ಕೊಂದುಬಿಟ್ಟೆನಾ? ನಾಳೆಯಿಂದ ಈ ಮನೆಯಲ್ಲಿ ಯಾರ ಜೊತೆ ಮಾತಾಡಲಿ, ಇವಳ ಜೊತೆ ನೇರವಾಗಿ ಮಾತಾಡಬೇಕಾ? ನಿಜಕ್ಕೂ ಅವರ ಕಣ್ಣಲ್ಲಿ ನೀರು ಬಂತು.

"ಕೂತು ಅಳ್ಬೇಡಿ, ಕಾರು ಕೇಳಿ!" ಎಂದಳು ಹೆಂಡತಿ.

ಕ್ಯಾಷಿಯರು ಒಳ್ಳೆಯ ಮನುಷ್ಯ, ಕೀಲಿ ಕೊಟ್ಟರು. (ಆಮೇಲೆ ಎಷ್ಟು ಪರಿತಪಿಸಿದರೋ, ಅದು ಬೇರೆ ಮಾತು.) ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ಕಂಡಕ್ಟರ್. ಸಾಹೇಬರು ಆ ಪುಟ್ಟ ಕಾರನ್ನು ಬಸ್ಸಿನ ಗತ್ತಿನಲ್ಲೇ, ಎದುರಿನವರೆಲ್ಲ ತಾವಾಗಿಯೇ ಚರಂಡಿಗೆ ಇಳಿಯಬೇಕು ಎಂಬ ನಂಬಿಕೆಯಲ್ಲಿ ಓಡಿಸಿದರು. ಅರ್ಧ ದಾರಿಗೆ ಬರುವಷ್ಟರಲ್ಲಿ ಕಾರಿನ ವೇಗ ತಗ್ಗಿತು.

"ಯಾಕ್ರೀ ನಿಲ್ಲಿಸ್ತಿದ್ದೀರಾ?"

"ಏನಿಲ್ಲ... ಟೈರ್ ಒಂದ್ಸಲ ನೋಡಿ ಬರ್ತೀನಿ..."

"ಟೈರ್ ನೋಡೋ ಹೊತ್ತಾ ಇದು? ಜೀವ ಹೋಗ್ತಿದೆ ಇಲ್ಲಿ!"

"ನಂಗೂ ಅಷ್ಟೇ" ಎಂದು ಗೊಣಗಿ, ಸಾಹೇಬರು ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತಿದರು. ಆಸ್ಪತ್ರೆ ತಲುಪಿದಾಗ ನಾಯಿಯೂ ಯಜಮಾನರೂ ಒಂದೇ ಬಗೆಯಲ್ಲಿ ಬೆನ್ನು ಬಗ್ಗಿಸಿ, ಒಂದೇ ಬಗೆಯ ಹೆಜ್ಜೆ ಹಾಕುತ್ತ ಒಳಗೆ ಹೋದರು.

ನಾಯಿ ಡಾಕ್ಟರ್ ಒಬ್ಬ ಗಟ್ಟಿಗಿತ್ತಿ ಹೆಂಗಸು. ಕಂಡಕ್ಟರನನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಒತ್ತುತ್ತಲೇ ಕೇಳಿದರು. "ಮೂತ್ರ ಕಟ್ಟಿದೆ. ಇದಕ್ಕೆ ಮುಂಚೆ ಹೇಗೆ ಹೋಗ್ತಿತ್ತು? ಸರಾಗವಾಗಿ ಹೋಗ್ತಿತ್ತಾ?"

ಹೆಂಡತಿ ಬಾಯಿ ತೆರೆಯುವ ಮೊದಲೇ ಸಾಹೇಬರು ಶುರು ಹಚ್ಚಿಕೊಂಡರು. ಭಯಕ್ಕೋ, ಪಶ್ಚಾತ್ತಾಪಕ್ಕೋ, ಒಳಗಿನ ಒತ್ತಡಕ್ಕೋ, ಮಾತಿಗೆ ಬ್ರೇಕೇ ಬೀಳಲಿಲ್ಲ.

"ಎಲ್ಲಿ ಸರಾಗ ಡಾಕ್ಟ್ರೇ! ಮೊದಲು ಶುರುವಾಗೋದೇ ಇಲ್ಲ. ನಲ್ಲಿ ನೀರಿನ ಶಬ್ದ ಕೇಳ್ಬೇಕು, ಆಗ ಶುರು. ಶುರುವಾದ್ರೆ ನಿಲ್ಲುತ್ತೆ, ನಿಂತ್ರೆ ಶುರುವಾಗುತ್ತೆ. ಮುಗೀತು ಅಂತ ವಾಪಸ್ ಬಂದ್ರೆ ಮುಗಿದೇ ಇರಲ್ಲ, ಮತ್ತೆ ಹೋಗ್ಬೇಕು ಅನ್ಸುತ್ತೆ. ಹೊರಗೆ ಹೋದ್ರೆ ಮೊದಲು ಎಲ್ಲಿ ಮರ ಇದೆ ಅಂತ ಕಣ್ಣು ಹುಡುಕುತ್ತೆ. ಯಾರಿಗಾದ್ರೂ ಗೊತ್ತಾದ್ರೆ ಏನಂದ್ಕೋತಾರೋ ಅಂತ ನಾಚಿಕೆ ಬೇರೆ!"

ಡಾಕ್ಟರ ಕೈ ನಿಂತಿತು. ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಮತ್ತೆ ಹೋಗ್ಬೇಕು ಅನ್ಸುತ್ತೆ ಅಂದ್ರಲ್ಲ, ಯಾರಿಗೆ ಅನ್ಸುತ್ತೆ?"

"ಇ... ಇವನಿಗೆ."

"ಇವನು ಬಂದು ನಿಮ್ಮ ಕಿವಿಲಿ ಹೇಳಿದ್ನಾ?"

"ನಾಯಿಗೆ ನಲ್ಲಿ ಶಬ್ದ ಯಾಕೆ ಬೇಕು?" ಎಂದರು ಡಾಕ್ಟರ್, ತಣ್ಣಗೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇಲ್ಲಿ ಇವರು ಕುಂಬಳಕಾಯಿನೇ ತಂದು ಮೇಜಿನ ಮೇಲಿಟ್ಟಿದ್ದಾರೆ" ಎಂದಳು ಹೆಂಡತಿ. ಸಾಹೇಬರು ಕಿಬ್ಬೊಟ್ಟೆ ಹಿಡಿದುಕೊಂಡು, ಬಲಗಡೆ ಕೊನೆಯಲ್ಲಿದೆ ಎಂದು ಡಾಕ್ಟರ್ ಕೈ ತೋರಿಸಿದ ಬಾಗಿಲ ಕಡೆ ಓಡಿದರು.

ಇತ್ತ ಡಾಕ್ಟರ್ ಸಪೂರ ನಳಿಕೆ ಹಾಕಿ ದಾರಿ ಬಿಡಿಸಿದರು. ಅಡ್ಡ ನಿಂತದ್ದು ಒಂದು ಸಣ್ಣ ಕಲ್ಲು. ಕಂಡಕ್ಟರನ ಕಣ್ಣಿಗೆ ಬೆಳಕು ಮರಳಿತು, ಬಾಲದ ತುದಿ ಮೇಜಿಗೆ ಪಟಪಟ ಬಡಿಯಿತು. ಹೆಂಡತಿ ಅವನ ತಲೆ ಅಪ್ಪಿಕೊಂಡು ಅತ್ತೇಬಿಟ್ಟಳು. ಸಾಹೇಬರು ಇನ್ನೂ ಆ ಬಾಗಿಲ ಹಿಂದೆಯೇ ಇದ್ದರು. ನಲ್ಲಿಯ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು.

"ಇನ್ನಷ್ಟು ತಡ ಮಾಡಿದ್ರೆ ಕೈ ಮೀರ್ತಿತ್ತು. ನೀರು ಧಾರಾಳವಾಗಿ ಕೊಡಿ, ಕೇಳ್ದಾಗೆಲ್ಲ ಹೊರಗೆ ಬಿಡಿ" ಎಂದರು ಡಾಕ್ಟರ್. "ನಾಯಿಗೆ ಗುಳಿಗೆ ನಾನು ಕೊಡ್ತೀನಿ. ಇನ್ನೊಬ್ಬರಿಗೆ ಮನುಷ್ಯರ ಡಾಕ್ಟರ್ ಕೊಡ್ಬೇಕು."

ಕೊಟ್ಟರು. ಮರುದಿನವೇ ಹೆಂಡತಿ ಗಂಡನನ್ನು ದರದರ ಎಳೆದುಕೊಂಡು ಹೋಗಿದ್ದಳು. ಆದರೆ ಮನೆಗೆ ಬಂದಮೇಲೆ ಸಾಹೇಬರು ಗುಳಿಗೆಯ ಕಡೆ ನೋಡಲೂ ಒಲ್ಲರು. ಇಷ್ಟು ವರ್ಷ ಬಸ್ಸು ಓಡಿಸಿದ ಗಂಡಸಿಗೆ ಎಂಥ ಗುಳಿಗೆ?

ಹೆಂಡತಿ ವಾದಕ್ಕಿಳಿಯಲಿಲ್ಲ. ಮೊದಲು ಕಂಡಕ್ಟರನನ್ನು ಕೂರಿಸಿಕೊಂಡು ಬಾಯಿ ಬಿಡಿಸಿ, ಗುಳಿಗೆಯನ್ನು ನಾಲಿಗೆಯ ಬುಡಕ್ಕೆ ಹಾಕಿ, ಮೂತಿ ಮುಚ್ಚಿ ಹಿಡಿದು ಗಂಟಲು ಸವರಿದಳು. ಗುಳುಕ್ ಎಂದಿತು. ಆಮೇಲೆ ಈ ಕಡೆ ತಿರುಗಿದಳು.

"ಲೇ, ನಂಗೇನೂ ಆಗ್..." ಎನ್ನಲು ಸಾಹೇಬರು ಬಾಯಿ ತೆರೆದರು. ಆಕೆಗೆ ಬೇಕಾದದ್ದೂ ಅಷ್ಟೇ. ಗುಳಿಗೆ ನಾಲಿಗೆಯ ಬುಡಕ್ಕೆ ಬಿತ್ತು. ಒಂದು ಕೈ ಗದ್ದವನ್ನು ಒತ್ತಿ ಹಿಡಿಯಿತು, ಇನ್ನೊಂದು ಕೈ ಗಂಟಲನ್ನು ಮೇಲಿನಿಂದ ಕೆಳಕ್ಕೆ ಮೆಲ್ಲನೆ ಸವರತೊಡಗಿತು.

"ನುಂಗು ರಾಜಾ, ನುಂಗು. ನೀನು ಜಾಣ ಅಲ್ವಾ?"

ಗುಳುಕ್.

ಆಕೆ ಡಬ್ಬ ತೆರೆದು ಇಬ್ಬರ ಮುಂದೆಯೂ ಒಂದೊಂದು ಬಿಸ್ಕತ್ತು ಹಿಡಿದಳು. ಕಂಡಕ್ಟರ್ ಒಮ್ಮೆ ಸಾಹೇಬರ ಮುಖ ನೋಡಿದ, ಸಾಹೇಬರು ಒಮ್ಮೆ ಕಂಡಕ್ಟರನ ಮುಖ ನೋಡಿದರು. ಇಬ್ಬರೂ ತೆಪ್ಪಗೆ ತಿಂದರು.