ಮಾಮನ ಲಿವರ್ ಗುಳಿಗೆ ಮತ್ತು ನಾನು ಗೆದ್ದ ವಾದ

ಕಮಲಾಪುರದಲ್ಲಿ ನನ್ನ ಸೋದರಮಾವನ ಲಿವರ್ ಉಳಿಸಿದ್ದು ಗಿಡಮೂಲಿಕೆಯ ಹಸಿರು ಗುಳಿಗೆ ಅಂತ ಎಲ್ಲರೂ ಹೇಳುತ್ತಾರೆ. ಸಂತೆಗೆ ಬಂದವರು ಅದರ ಹೆಸರನ್ನೂ ಬರೆದುಕೊಂಡು ಹೋಗುತ್ತಾರೆ. ನಾನು ಮಾತ್ರ ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸದಾ ವಿರೋಧ ಪಕ್ಷದಲ್ಲೇ ನಿಂತು ನಿಂತು, ಈಗ ಉಪ್ಪಿಟ್ಟು ಚೆನ್ನಾಗಿದೆ ಎಂದರೂ ನನಗೆ ಪುರಾವೆ ಬೇಕು. ಆದರೂ ಒಂದು ತಪ್ಪೊಪ್ಪಿಗೆ: ಆ ಗುಳಿಗೆಯನ್ನು ತಿಂಗಳಿಗೊಮ್ಮೆ ಕಲಬುರಗಿಯಿಂದ ಬಸ್ಸಿನಲ್ಲಿ ಒಯ್ದು ಕೊಡುತ್ತಿದ್ದವನು ನಾನೇ.

ಮಾಮನಿಗೆ ಕೆಂಪು ಬಾಳೆಯ ತೋಟವಿದೆ, ಸಂಜೆಗೆಂದು ಬಾಟಲಿಯೂ ಇದೆ. ಲಿವರ್ ಬಾತಿದೆ, ಕುಡಿಯುವುದು ಬಿಡಿ ಎಂದು ಡಾಕ್ಟರು ಹೇಳಿದಾಗ ಮಾಮ ಮೊದಲರ್ಧ ಮಾತ್ರ ಕೇಳಿಸಿಕೊಂಡು ಗುಳಿಗೆ ಹಿಡಿದ. "ಕುಡಿಯೋದು ಕಸ ಹಾಕ್ತದ, ಗುಳಿಗಿ ಕಸ ಹೊಡೀತದ. ಮನ್ಯಾಗ ಕಸ ಬೀಳ್ತದಂತ ಯಾರರೆ ಉಣ್ಣೋದು ಬಿಡ್ತಾರೇನು ಅಳಿಯಾ?" ಎಂದ. ಇಂಥ ವಾದಕ್ಕೆ ಯಾವ ತೀರ್ಪುಗಾರನೂ ಚಪ್ಪಾಳೆ ತಟ್ಟಿಯಾನು. ನಾನು ರೇಗಿ, "ಮಾಮಾ, ಕೊರಳಾಗ ಲಿಂಗ ಅದ. ಆ ಗುಳಿಗಿ ಮ್ಯಾಲಿನ ಕ್ಯಾಪ್ಸೂಲ್ ಸಿಪ್ಪಿ ಪ್ರಾಣಿಗಳ ಎಲುಬಿಂದ ಮಾಡ್ತಾರ" ಎಂದೆ. ಮಾಮ ಗಂಭೀರವಾಗಿ ಯೋಚಿಸಿದ. "ಹಂಗಿದ್ರ ಶ್ರಾವಣದಾಗ ಒಲ್ಲೆ ನೋಡು" ಎಂದ. ಉಳಿದ ತಿಂಗಳುಗಳಲ್ಲಿ ಎಲುಬಿಗೆ ದೋಷವಿಲ್ಲವೆಂದು ಕಾಣುತ್ತದೆ.

ಶ್ರಾವಣದಲ್ಲಿ ಮಾಮ ಹೆಂಡವನ್ನೂ ಮುಟ್ಟುವುದಿಲ್ಲ. ಅದು ಅವರಪ್ಪನ ಕಾಲದ ನೇಮ. ಹೀಗಾಗಿ ಇಡೀ ತಿಂಗಳು ಬಾಟಲಿಯೂ ಇಲ್ಲ, ಗುಳಿಗೆಯೂ ಇಲ್ಲ. ಅಮಾವಾಸ್ಯೆ ಮುಗಿದ ಮೇಲೆ ರಕ್ತ ಕೊಟ್ಟು ಬಂದರೆ ರಿಪೋರ್ಟು ಚೆನ್ನಾಗಿದೆ. ಮಾಮ ಓಣಿಗೆಲ್ಲ ಬಾಳೆಹಣ್ಣು ಹಂಚಿ, "ಗುಳಿಗಿ ಕೈ ಹಿಡೀತು ನೋಡ್ರಿ" ಎಂದ.

ಇಂಥ ಅವಕಾಶವನ್ನು ನಾನು ಬಿಡುವವನೇ? ಅಂಗಳದಲ್ಲಿ ಎದ್ದು ನಿಂತು, ಬಾಯಿತಪ್ಪಿ "ಮಾನ್ಯ ಅಧ್ಯಕ್ಷರೇ" ಅಂತಲೂ ಅಂದು, ತಿನ್ನದ ಗುಳಿಗೆ ಕೈ ಹಿಡಿಯುವುದು ಹೇಗೆ ಎಂದು ಕೇಳಿದೆ. ಮಾಮ ಬಾಯೊಳಗಿನ ಅಡಿಕೆ ಉಗುಳಿದ. "ಖರೆ ಅದ ಅಳಿಯಾ. ಗುಳಿಗಿ ದಂಡ" ಎಂದ. ನನ್ನ ಜೀವನದಲ್ಲಿ ಎದುರಾಳಿಯೊಬ್ಬ ಬಾಯಿಬಿಟ್ಟು ಸೋಲೊಪ್ಪಿದ್ದು ಅದೇ ಮೊದಲು. ಕಲಬುರಗಿಯ ತನಕ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ.

ಮೊನ್ನೆ ಮಾಮನ ಮನೆಯಿಂದ ಅತ್ತಿ ಫೋನು ಮಾಡಿದಳು. "ನಿನ್ನ ಮಾತು ಕೇಳ್ಯಾರಪಾ. ಗುಳಿಗಿ ಪೂರಾ ಬಿಟ್ಟಾರ." ನಾನು ವಿನಯದಿಂದ, "ಇರ್ಲಿ ಬಿಡು ಅತ್ತಿ" ಎಂದೆ.

"ಇರ್ಲಿ ಅಂತೀಯಲ್ಲ. ಗುಳಿಗಿ ಡಬ್ಬಿ ನಾ ಕಪಾಟಿನ್ಯಾಗ ಕೀಲಿ ಹಾಕಿ ಇಡ್ತಿದ್ದೆ. ದಿನಕ್ಕ ಎರಡೇ ಕೊಡ್ತಿದ್ದೆ. ಗ್ಲಾಸಿಗೊಂದು ಗುಳಿಗಿ ಇಲ್ದ ಒಂದು ಹನಿ ಮುಟ್ಲಕ್ಕ ಅಂಜತಿದ್ರು, ಅದಕ್ಕ ಗ್ಲಾಸೂ ಎರಡಕ್ಕ ನಿಲ್ತಿದ್ವು. ಈಗ ನೀ ಬಂದು ಗುಳಿಗಿ ದಂಡ ಅಂತ ಸಾಬೀತು ಮಾಡಿ ಹೋದಿ. ಇನ್ನ ಎರಡನೇ ಗ್ಲಾಸಿಗಿ ಅವರಿಗೆ ಹ್ಯಾಂಗ ನಿಲ್ಲಸ್ಲಿ, ಹೇಳಪಾ ಶಾಣ್ಯಾ?"